ಏಳು ನಿಮಿಷ ಹನ್ನೆರಡನೇ ಸೆಕೆಂಡು

ಫಕೀರಪ್ಪ ಅಜ್ಜ ಮತ್ತೆ ಅಲ್ಲೇ ನಿಂತುಬಿಟ್ಟರು.

ಐವತ್ತೈದು ಇಂಚಿನ ಪರದೆಯ ತುಂಬ ಅವರೇ. ಒಂದು ಕೈ ತೊಟ್ಟಿಲ ಹಗ್ಗದ ಮೇಲಿದೆ, ಏನೋ ಹೇಳಲು ಬಾಯಿ ತೆರೆದಿದ್ದಾರೆ. ಮೂರು ಸೆಕೆಂಡು ಚಿತ್ರ ಅಲುಗಲಿಲ್ಲ. ಆಮೇಲೆ ಕುಂಟುತ್ತ ಹೊರಟಿತು. ಅಷ್ಟರಲ್ಲಿ ಅಜ್ಜನ ಬಾಯಿ ಮುಚ್ಚಿತ್ತು, ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಎಲೆ ಅಡಿಕೆಯ ತಟ್ಟೆ ಹಿಡಿದು ಬಂದ ಹೆಂಗಸರ ಮಾತು ಒಂದು ಕಡೆ, ತುಟಿ ಒಂದು ಕಡೆ.

"ನೋಡಿದೇನ ನಾಹಿದಾ?" ಶರಣವ್ವ ಸೋಫಾದ ತುದಿಗೆ ಸರಿದರು. "ಬರೋಬರಿ ಅಲ್ಲೇ ನುಂಗತೈತಿ, ಹಾಳಾದ್ದು."

ನಾನು ಚೀಟಿಯಲ್ಲಿ ಗೀಟು ಹಾಕಿದೆ. ಏಳು ನಿಮಿಷ ಹನ್ನೆರಡನೇ ಸೆಕೆಂಡು. ಇದು ಆರನೆಯ ಸಲ.

"ಅಮ್ಮಾರ, ಟಿ.ವಿ. ಏನೂ ನುಂಗಂಗಿಲ್ರಿ."

"ಹಂಗಾರ ನಮ್ಮನಿಯವ್ರ ಮಾತು ಎಲ್ಲಿ ಹೋತು?"

ಅದು ಗೊತ್ತಿದ್ದರೆ ಕೇಶ್ವಾಪುರದ ನನ್ನ ಟಿ.ವಿ. ರಿಪೇರಿ ಅಂಗಡಿಗೆ ಮೂರನೆಯ ದಿನವೂ ಬೀಗ ಹಾಕಿ ಬೈರಿದೇವರಕೊಪ್ಪದ ಈ ಮನೆಯಲ್ಲಿ ಯಾಕೆ ಕೂತಿರುತ್ತಿದ್ದೆ?

ಮೊದಲ ಎರಡು ದಿನ ನಾನು ಹಿಡಿದ ಕಳ್ಳರೆಲ್ಲ ನಿರಪರಾಧಿಗಳೆಂದು ಬಿಡುಗಡೆಯಾಗಿದ್ದರು. ಮೊದಲು ವೈಫೈ. ಅದರ ವೈರನ್ನೇ ಕಿತ್ತಿಟ್ಟು ಪೆನ್‌ಡ್ರೈವ್‌ನಿಂದ ಹಚ್ಚಿದೆ, ಅಜ್ಜ ಅಲ್ಲೇ ನಿಂತರು. ಪೆನ್‌ಡ್ರೈವ್ ಬದಲಾಯಿಸಿದೆ, ಸ್ಟೆಬಿಲೈಜರ್ ಬದಲಾಯಿಸಿದೆ, ಚಿತ್ರ ನುಣುಪು ಮಾಡುವ ಸೆಟ್ಟಿಂಗು ಆರಿಸಿದೆ. ಕೊನೆಗೆ ನನ್ನ ಅಂಗಡಿಯ ಟಿ.ವಿ.ಯನ್ನೇ ಆಟೋದಲ್ಲಿ ಹೊತ್ತು ತಂದೆ. ಅದರಲ್ಲೂ ಅಲ್ಲೇ. ಮಜಾ ಅಂದರೆ ಬೇರೆ ಯಾವ ವಿಡಿಯೊ ಹಾಕಿದರೂ ಎರಡೂ ಟಿ.ವಿ. ಒಂದಿಷ್ಟೂ ತೊದಲದೆ ಓಡುತ್ತಿದ್ದವು.

ಸಿಕ್ಕಿದ್ದು ಒಂದೇ ಕಳ್ಳ. ರಿಮೋಟ್ ಒತ್ತಿದರೆ ಟಿ.ವಿ. ಯಾಕೆ ಕೇಳುವುದಿಲ್ಲ ಅನ್ನುವುದು. ಪರದೆಯ ಮೇಲೆ ಗಂಡನ ಮುಖ ಬಂದಾಗಲೆಲ್ಲ ಶರಣವ್ವ ಟಿ.ವಿ.ಗೆ ವಿಭೂತಿ ಹಚ್ಚಿ ಕೈ ಮುಗಿಯುತ್ತಿದ್ದರು. ಆ ವಿಭೂತಿ ಕೆಳಗಿನ ಚೌಕಟ್ಟಿನಲ್ಲಿ ರಿಮೋಟಿನ ಮಾತು ಹಿಡಿಯುವ ಸಣ್ಣ ಕಣ್ಣಿನ ಮೇಲೆ ದಪ್ಪಗೆ ಕೂತಿತ್ತು. ಒರೆಸಿದೆ, ರಿಮೋಟ್ ಸರಿಹೋಯಿತು. ಮತ್ತೆ ಹಚ್ಚಬೇಡಿ ಅನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ, ಸ್ವಲ್ಪ ಮೇಲೆ ಹಚ್ಚಿ ಅಂದೆ.

ಅಬ್ಬಾಗೆ ಫೋನ್ ಮಾಡಿದ್ದೆ. ನಮ್ಮ ಅಬ್ಬಾ ಫಕ್ರುಸಾಬರಿಗೆ ಟಿ.ವಿ. ಬಿಚ್ಚುವುದರಲ್ಲಿ ನಲವತ್ತು ವರ್ಷದ ಅನುಭವ. ಈಗ ಕಣ್ಣು ಸರಿ ಕಾಣುವುದಿಲ್ಲ, ಕಿವಿ ಮಾತ್ರ ಭಾರಿ ಚುರುಕು. "ಎಲ್ಲಾ ಟಿ.ವಿ.ಯಾಗೂ ಒಂದs ಜಾಗಾದಾಗ ನಿಲ್ಲಾಕತ್ತೈತಿ ಅಂದ್ರ ಟಿ.ವಿ. ಬಿಚ್ಚೂದು ಬಿಡು ಬೇಟಿ. ಫೈಲ್ ಬಿಚ್ಚು," ಅಂದಿದ್ದರು.

ಸೋಮವಾರ ಫಕೀರಪ್ಪ ಅಜ್ಜನ ವರ್ಷದ ಪುಣ್ಯಸ್ಮರಣೆ. ಬೀಗರು ಬಿಜ್ಜರೆಲ್ಲ ಬಂದು ಈ ವಿಡಿಯೊ ನೋಡುವವರಿದ್ದರು. ಆದರೆ ಶರಣವ್ವನಿಗೆ ಬೇಕಾಗಿದ್ದು ಬೀಗರ ಸಲುವಾಗಿ ಅಲ್ಲ. ಮೊದಲ ದಿನವೇ, ಹಾಲ್‌ನಲ್ಲಿ ಯಾರೂ ಇಲ್ಲ ಎಂದು ಎರಡು ಸಲ ನೋಡಿಕೊಂಡು, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು, ನನಗೊಬ್ಬಳಿಗೇ ಹೇಳಿದ್ದರು.

"ಐವತ್ತೊಂದು ವರ್ಷ ಸಂಸಾರ ಮಾಡೇವಿ. ಒಮ್ಮೆನೂ ನನ್ನ ಹೆಸರ ಹಿಡದು ಕರದಿಲ್ಲವಾ. 'ಏ' ಅನ್ನಾವ್ರು, 'ಇಲ್ಲಿ ನೋಡು' ಅನ್ನಾವ್ರು. ಅಮರೇಶ ಹುಟ್ಟಿದ ಮ್ಯಾಲೆ 'ಅಮರೇಶನ ಅವ್ವ'. ಅಮರೇಶನ ಕೂಸು ಮುತ್ತೂನ ತೊಟ್ಟಿಲಾಗ ಹಾಕಿದ ದಿವಸ ಎಲ್ಲಾರೂ ಒಡಪು ಹೇಳ್ರಿ ಒಡಪು ಹೇಳ್ರಿ ಅಂತ ಅವ್ರಿಗೆ ಗಂಟು ಬಿದ್ದಿದ್ರು."

ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರು ಇನ್ನೊಬ್ಬರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ, ಸೀಮಂತ, ತೊಟ್ಟಿಲು ಅಂತ ಮಂದಿ ಸೇರಿದಾಗ ಮಾತ್ರ ಹೇಳಿಸಿಯೇ ಬಿಡುತ್ತಾರೆ. ಅದೂ ನೇರವಾಗಿ ಅಲ್ಲ, ಎರಡು ಸಾಲಿನ ಪದ ಕಟ್ಟಿ ಅದರೊಳಗೆ ಹೆಸರು ಇಡಬೇಕು. ಅದೇ ಒಡಪು.

"ಅವತ್ತ ಸಂಜಿಕೆ ಇವ್ರು ನನ್ನ ಹಂತೇಕ ಬಂದು, 'ನಿನ್ನ ಹೆಸರು ಹೇಳೇನಿ ನೋಡು, ಕೂಸಿನ ಮುಂದ, ಒಡಪು ಕಟ್ಟಿ ಹೇಳೇನಿ' ಅಂದ್ರು. ನನಗ ನಾಚಿಕಿ ಬಂತು. ಏನ್ ಹೇಳೀರಿ ಅಂತ ಕೇಳಲಿಲ್ಲ. ನಾಳೆ ಕೇಳಿದ್ರಾತು ಅಂದ್ಕೊಂಡ್ನಿ. ಹದಿನೈದು ದಿವಸಕ್ಕ ಎದಿ ಹಿಡ್ಕೊಂಡು ಹೋಗೇಬಿಟ್ರು."

ಆಮೇಲೆ ಪರದೆಯ ಕಡೆ ಕೈ ತೋರಿಸಿದ್ದರು.

"ಒಮ್ಮೆ ಕೇಳಬೇಕು. ಅವ್ರ ಬಾಯಾಗ ನನ್ನ ಹೆಸರು ಹ್ಯಾಂಗ ಕೇಳಸ್ತೈತಿ ಅಂತ ಒಂದs ಒಮ್ಮೆ."

ಈ ಕೇಸು ಬಿಡುವುದಿಲ್ಲ ಅಂತ ಅವತ್ತೇ ನಿಶ್ಚಯ ಮಾಡಿದ್ದೆ.

ಈಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಫೈಲನ್ನು ಬಿಚ್ಚಿದೆ.

ಟಿ.ವಿ.ಯೊಳಗೆ ವಿಡಿಯೊ ಬಿಚ್ಚಿ ತೋರಿಸಲೆಂದೇ ಒಂದು ಚಿಪ್ ಇರುತ್ತದೆ. ಹಾರ್ಡ್‌ವೇರ್ ಡಿಕೋಡರ್ ಅನ್ನುತ್ತೇವೆ. ಕೆಲಸಕ್ಕೆ ಗಟ್ಟಿ, ಸ್ವಭಾವಕ್ಕೆ ಹಟಮಾರಿ. ಶುರುವಿನಲ್ಲಿ ಯಾವ ಜಾತಿಯ ವಿಡಿಯೊ ಕೊಟ್ಟಿರೋ ಕೊನೆಯವರೆಗೂ ಅದೇ ಜಾತಿ ಬರಬೇಕು. ನಡುವೆ ಬದಲಾದರೆ ಕೈ ಎತ್ತಿಬಿಡುತ್ತದೆ. ಆಗ ಟಿ.ವಿ.ಯ ದೊಡ್ಡ ಪ್ರೊಸೆಸರ್ ತನ್ನದಲ್ಲದ ಆ ಭಾರ ಹೊತ್ತುಕೊಂಡು ಏದುಸಿರು ಬಿಡುತ್ತ ನಡೆಯುತ್ತದೆ. ನಿಲ್ಲುವುದು, ಕುಂಟುವುದು ಎಲ್ಲ ಅದಕ್ಕೇ. ಫೋನಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಅದು ಹೇಗೋ ನಿಭಾಯಿಸಿಕೊಂಡು ಹೋಗುತ್ತದೆ.

ಈ ಫೈಲಿನಲ್ಲಿ ಏಳು ನಿಮಿಷ ಹನ್ನೆರಡು ಸೆಕೆಂಡಿನವರೆಗೆ ಸೆಕೆಂಡಿಗೆ ಅರವತ್ತು ಚಿತ್ರ. ಅಲ್ಲಿಂದ ಮುಂದೆ ಮೂವತ್ತು. ಬಣ್ಣದ ಲೆಕ್ಕವೂ ಬೇರೆ.

ಒಂದೇ ಫೋನು ಒಂದೇ ಸಲಕ್ಕೆ ತೆಗೆದ ವಿಡಿಯೊ ಹೀಗಿರುವುದಿಲ್ಲ. ಇದನ್ನು ಯಾರೋ ಕತ್ತರಿಸಿ, ಉಳಿದ ತುಂಡನ್ನು ತಂದು ಜೋಡಿಸಿದ್ದರು.

ನಾನು ಆ ಜಾಗದ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಹೋದೆ. ಹೆಂಗಸರು ಅಜ್ಜನನ್ನು ಪೀಡಿಸುತ್ತಾರೆ. ಅಜ್ಜ ನಗುತ್ತ, ಮೊದಲು ನೀವು ಊಟಕ್ಕೆ ನಡೆಯಿರಿ, ಇಷ್ಟು ಮಂದಿ ಮುಂದೆ ನನ್ನ ನಾಲಿಗೆ ಏಳುವುದಿಲ್ಲ ಅನ್ನುತ್ತಾರೆ. ಅವರೆಲ್ಲ ಒಳಗೆ ಹೋಗುತ್ತಾರೆ. ಅಜ್ಜ ತೊಟ್ಟಿಲ ಕಡೆ ತಿರುಗಿ ಬಾಯಿ ತೆರೆಯುತ್ತಾರೆ. ಅವರ ತಲೆಯ ಮೇಲೆ ಗೋಡೆಗಡಿಯಾರ, ಒಂದು ಗಂಟೆ ಹತ್ತು ನಿಮಿಷ.

ಮುಂದಿನ ಚಿತ್ರದಲ್ಲಿ ಅದೇ ಗಡಿಯಾರ ಒಂದು ಹದಿಮೂರು ತೋರಿಸುತ್ತಿತ್ತು.

ಟಿ.ವಿ. ನುಂಗಿರಲಿಲ್ಲ. ಮನುಷ್ಯರು ನುಂಗಿದ್ದರು.

ಈ ಮನೆಯಲ್ಲಿ ಆ ಕೆಲಸ ಮಾಡಬಲ್ಲವರು ಯಾರು? ಮಗ ಅಮರೇಶ ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಕಾಳಿನ ವ್ಯಾಪಾರಿ. ಅವರಿಗೆ ಫೋನಿನಲ್ಲಿ ಬರುವುದು ಎರಡೇ, ರೇಟು ಕೇಳುವುದು ಮತ್ತು ಬೆಳಗಾದರೆ ಹೂವಿನ ಚಿತ್ರ ಕಳಿಸುವುದು. ಶರಣವ್ವ ಪಾಜ್ ಗುಂಡಿ ಒತ್ತಲು ಹೋಗಿ ಟಿ.ವಿ.ಯನ್ನೇ ಆರಿಸುವವರು. ಉಳಿದವಳು ಸೊಸೆ ಆರತಿ. ಸಾಲಿ ಟೀಚರ್. ಮಕ್ಕಳ ವಾರ್ಷಿಕ ಗ್ಯಾದರಿಂಗಿನ ವಿಡಿಯೊ ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಪಾಲಕರಿಗೆ ಕಳಿಸುವವಳು ಆಕೆಯೇ. ತೊಟ್ಟಿಲ ದಿನದ ಫೋನೂ ಆಕೆಯದೇ.

ಇನ್ನೊಂದು ಮಾತೂ ನನ್ನ ಲಕ್ಷ್ಯಕ್ಕೆ ಬಂದಿತ್ತು. ವಿಡಿಯೊ ಏಳನೇ ನಿಮಿಷಕ್ಕೆ ಬರುತ್ತಿದ್ದಂತೆ ಪ್ರತಿ ಸಲ ಆರತಿಯ ಒಲೆಯ ಮೇಲೆ ಏನಾದರೊಂದು ಉಕ್ಕುತ್ತಿತ್ತು, ಆಕೆ ಎದ್ದು ಹೋಗುತ್ತಿದ್ದಳು.

ಶರಣವ್ವ ಲಿಂಗಪೂಜೆಗೆ ಎದ್ದರು. ಇನ್ನು ಅರ್ಧ ತಾಸು ಅವರು ಕರೆದರೂ ಮಾತಾಡುವವರಲ್ಲ. ನಾನು ಅಡುಗೆಮನೆಗೆ ಹೋದೆ.

ಆರತಿ ರೊಟ್ಟಿ ಬಡಿಯುತ್ತಿದ್ದಳು. ವರ್ಷದ ಕೂಸು ಮುತ್ತು ನೆಲದ ಮೇಲೆ ಕೂತು ಸ್ಟೀಲಿನ ಬಟ್ಟಲು ಕುಟ್ಟುತ್ತಿತ್ತು.

"ಆರತಿಯವ್ರ, ಆ ಮೂರು ನಿಮಿಷ ಎಲ್ಲಿ ಇಟ್ಟೀರಿ?"

ಬಡಿಯುವ ಸದ್ದು ನಿಂತಿತು.

"ಯಾವ ಮೂರು ನಿಮಿಷರೀ ಅಕ್ಕಾರ?"

"ಒಂದು ಹತ್ತಕ್ಕ ನಿಮ್ಮ ಮಾವಾರು ಬಾಯಿ ತಗದಾರ. ಒಂದು ಹದಿಮೂರಕ್ಕ ಕಣ್ಣ ಒರಸ್ಕೊಂಡಾರ. ನಡುವ ಏನಾತು?"

"ಫೋನ್ ಹ್ಯಾಂಗ್ ಆಗಿರಬೇಕ್ರಿ."

"ಹ್ಯಾಂಗ್ ಆದ್ರ ಅರವತ್ತು ಚಿತ್ರ ಮೂವತ್ತಾಗಂಗಿಲ್ಲ. ಕತ್ತರಿಸಿ ಜೋಡಿಸಿದ್ರ ಆಕ್ಕಾವು."

ಆಕೆ ಹಂಚಿನ ಮೇಲಿನ ರೊಟ್ಟಿಯನ್ನು ಮರೆತಳು. ಅದು ಸೀದು ಹೊಗೆ ಎದ್ದ ಮೇಲೆ ಒಲೆ ಆರಿಸಿದಳು. ಹಿಟ್ಟು ಹತ್ತಿದ ಕೈಯನ್ನೇ ಜೋಡಿಸಿದಳು.

"ನಿಮ್ಮ ಕಾಲಿಗೆ ಬೀಳ್ತೇನ್ರಿ. ಟಿ.ವಿ. ಕೆಟ್ಟೈತಿ ಅಂತ ಹೇಳಿಬಿಡ್ರಿ. ಬೇಕಾದ್ರ ಹೊಸಾದ ತರಸೋಣು."

"ಹೊಸಾದರಾಗೂ ಅಲ್ಲೇ ನಿಲ್ತೈತಿ. ಅಮ್ಮಾರು ಮತ್ತೊಬ್ಬ ಮೆಕ್ಯಾನಿಕ್‌ನ ಕರಸ್ತಾರ. ಆಂವ ಎಲ್ಲಾರ ಮುಂದ ಹೇಳ್ತಾನ. ಅದಕ್ಕಿಂತ ನನಗ ಹೇಳೂದು ಛಲೋ ಅಲ್ಲೇನು?"

ಆಕೆ ಮುಖ ತಿರುಗಿಸಿ ಹಂಚಿನ ಮೇಲಿನ ಸೀದ ರೊಟ್ಟಿ ಕೆರೆಯತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು. ಶರಣವ್ವನಿಗೆ ಕೊಟ್ಟ ಮಾತು ಮರೆತು ಬಾಯಿಬಿಟ್ಟೆ.

"ಗಂಡನ ಬಾಯಾಗ ತನ್ನ ಹೆಸರು ಕೇಳ್ಬೇಕಂತ ಆ ತಾಯಿ ವರ್ಷದಿಂದ ಕಾಯಾಕತ್ತಾರ. ನೀವು ಆ ಹೆಸರನ್ನs ಕತ್ತರಿಸಿ ಒಗದೀರಲ್ರಿ!"

"ಅದು ಅತ್ತಿ ಹೆಸರಲ್ರೀ!"

ಕೂಸು ಬಟ್ಟಲು ಕುಟ್ಟುವುದನ್ನು ನಿಲ್ಲಿಸಿ ತಾಯಿಯನ್ನು ನೋಡಿತು. ಆರತಿ ಅಲ್ಲೇ ನೆಲಕ್ಕೆ ಕುಸಿದು ಅದನ್ನು ಎತ್ತಿಕೊಂಡಳು.

"ಅದು ಬ್ಯಾರೇದಾಕಿ ಹೆಸರ್ರಿ ಅಕ್ಕಾರ. ನಾ ಫೋನ್ ಕಿಟಕ್ಯಾಗ ಇಟ್ಟು ಬಡಸಾಕ ಹೋಗಿದ್ನಿ. ರೆಕಾರ್ಡ್ ಆಗಾಕತ್ತೈತಿ ಅಂತ ಮಾವಾರಿಗೆ ಗೊತ್ತಿರಲಿಲ್ಲ. ನಾಕೈದು ದಿವಸ ಬಿಟ್ಟು ನಾ ಕೇಳಿದ್ನಿ."

"ಯಾರಿಗೂ ಹೇಳಲಿಲ್ಲಾ?"

"ಯಾರಿಗೆ ಹೇಳ್ಲಿ? ಮಾವಾರು ಹೋದ್ರು. ಅತ್ತಿ ತೊಟ್ಟಿಲ ದಿವಸದ ವಿಡಿಯೊ ಬೇಕು, ದೊಡ್ಡ ಟಿ.ವಿ.ಯಾಗ ನೋಡ್ಬೇಕು ಅಂತ ದಿನಾ ಕೇಳಾಕತ್ತಿದ್ರು. ಹ್ಯಾಂಗರೆ ಕೊಡ್ಲಿ? ನನಗ ತಾಯಿ ಇಲ್ರಿ. ಬಾಣಂತನ ಮಾಡಿದಾಕಿ ಆಕಿ. ಆಕಿ ಎದಿ ಒಡೀಬಾರದು ಅಂತ ಅಷ್ಟ ಕತ್ತರಿಸಿ ಕೊಟ್ನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕಳ್ಳಿಯನ್ನು ಹಿಡಿದೆ ಅಂದುಕೊಂಡಿದ್ದೆ, ಇಲ್ಲಿ ನೋಡಿದರೆ ಆಕೆಯೂ ಕಾವಲು ಕಾಯುತ್ತಿದ್ದಳು.

"ಕತ್ತರಿಸಿದ್ದನ್ನ ಅಳಿಸೀರೇನು?"

"ಇಲ್ಲ. ಪೂರಾ ವಿಡಿಯೊ ಹಳೇ ಫೋನಿನಾಗ ಹಂಗs ಐತಿ. ಅಳಸಾಕ ಕೈ ಬರಲಿಲ್ರಿ, ಮಾವಾರ ದನಿ ಐತಲ್ಲ."

ಮಸಾಲಿ ಡಬ್ಬಿಗಳ ಹಿಂದಿನಿಂದ ಹಳೇ ಫೋನು ಹೊರಬಂತು. ಆಕೆ ದನಿ ಸಣ್ಣದು ಮಾಡಿ ಹಚ್ಚಿದಳು.

ಬರಿದಾದ ಹಾಲ್, ತೊಟ್ಟಿಲು, ಅಜ್ಜ. ಗಂಟಲು ಸರಿಮಾಡಿಕೊಂಡು, ಬಾಗಿಲ ಕಡೆ ಒಮ್ಮೆ ಕಳ್ಳನೋಟ ನೋಡಿ, ಕೂಸಿನ ಮುಂದೆ ಒಡಪು ಹೇಳಿದರು.

"ಎರಿ ಹೊಲದಾಗ ಕಡ್ಲಿ ಬೆಳಿ ಹಸರ, ನನ್ನ ಎದ್ಯಾಗ ಐತಿ ಈರವ್ವನ ಹೆಸರ."

ಹೇಳಿ ತಾವೇ ನಕ್ಕರು. ಆಮೇಲೆ ಮುಖ ಬದಲಾಯಿತು. ತೊಟ್ಟಿಲ ಮೇಲೆ ಬಾಗಿದರು.

"ಮುತ್ತೂ, ನಿನಗೊಬ್ಬಾಕಿ ಸೋದರತ್ತಿ ಅದಾಳವಾ. ಸುಳ್ಳದಾಗ. ಈರವ್ವನ ಮಗಳು, ನನ್ನ ಮಗಳು. ಹೋದ ಸೋಮವಾರ ಹೋಗಿ ಮಾರಿ ನೋಡಿ ಬಂದೇನಿ. ಥೇಟ್ ನಿನ್ನ ಮೂಗು. ಇಷ್ಟು ವರ್ಷ ಗೊತ್ತಿರಲಿಲ್ಲವಾ ನನಗ. ಈಗ ಮನ್ಯಾಗ ಹ್ಯಾಂಗ ಹೇಳ್ಲಿ? ಯಾವ ಬಾಯಿಲೆ ಹೇಳ್ಲಿ?"

ತೊಟ್ಟಿಲ ಹಗ್ಗ ಹಿಡಿದು ಬಹಳ ಹೊತ್ತು ಸುಮ್ಮನೆ ತೂಗಿದರು. ಧೋತರದ ಚುಂಗು ಕಣ್ಣಿಗೆ ಹೋಯಿತು.

ಆರತಿ ನನ್ನ ಮುಖ ನೋಡುತ್ತಿದ್ದಳು. ಮೊದಲಿಗೆ ನಾನೂ ಆಕೆಯಂತೆಯೇ ಯೋಚಿಸಿದೆ. ಸುಳ್ಳ ಅನ್ನುವ ಆ ಹತ್ತಿರದ ಊರಿನಲ್ಲಿ ಇನ್ನೊಂದು ಮನೆ, ಇನ್ನೊಬ್ಬಳು ಹೆಂಡತಿ, ಮಗಳು. ಅಜ್ಜನ ಮೇಲೆ ಅಸಹ್ಯವೇ ಬಂತು.

ಆದರೆ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ಬೇರೆಯವಳ ಹೆಸರು ಹೇಳಿದವರು ಅದೇ ಸಂಜೆ ಹೆಂಡತಿಯ ಹತ್ತಿರ ಹೋಗಿ, ನಿನ್ನ ಹೆಸರು ಹೇಳಿದೆ ಅಂತ ಯಾಕೆ ಹೇಳಬೇಕು? ಯಾರೂ ಕೇಳಿರಲಿಲ್ಲ, ಸುಮ್ಮನಿದ್ದರೆ ಮುಗಿಯುತ್ತಿತ್ತು.

"ಆರತಿಯವ್ರ, ಲಗ್ನಕ್ಕಿಂತ ಮದಲ ನಿಮ್ಮ ಅತ್ತಿಯವ್ರ ಹೆಸರು ಏನಿತ್ತು?"

"ಶರಣವ್ವ ಅಂತನs ಇರಬೇಕಲ್ರಿ." ಆಕೆ ತಡೆದಳು. "ಯಾಕ್ರಿ?"

"ಇನ್ನೊಮ್ಮೆ ಹಚ್ಚು."

ಹೇಳಿದ್ದು ನಾನಲ್ಲ. ಬಾಗಿಲಲ್ಲಿ ಶರಣವ್ವ ನಿಂತಿದ್ದರು, ಹಣೆಯ ವಿಭೂತಿ ಇನ್ನೂ ಹಸಿ. ಐವತ್ತೊಂದು ವರ್ಷ ಕೇಳಿದ ದನಿ ಕಿವಿಗೆ ಬಿದ್ದ ಮೇಲೆ ಪೂಜೆ ಅರ್ಧಕ್ಕೇ ನಿಂತಿತ್ತು.

"ಸಣ್ಣ ಫೋನಿನಾಗ ಬ್ಯಾಡ. ದೊಡ್ಡದರಾಗ ಹಚ್ಚು."

ಆರತಿ ಗೋಡೆಗೆ ಆತುಕೊಂಡಳು. ನಾನು ವಿಡಿಯೊ ಪೆನ್‌ಡ್ರೈವ್‌ಗೆ ಇಳಿಸಿ ಟಿ.ವಿ.ಗೆ ಸಿಕ್ಕಿಸಿದೆ. ಇದು ಕತ್ತರಿ ಮುಟ್ಟದ ಫೈಲು, ಮೊದಲಿಂದ ಕೊನೆಯವರೆಗೆ ಒಂದೇ ಜಾತಿ. ಏಳು ನಿಮಿಷ ಬಂತು. ಹನ್ನೆರಡು ಸೆಕೆಂಡು ಬಂತು. ಅಜ್ಜ ಈ ಸಲ ನಿಲ್ಲಲಿಲ್ಲ. ತೊಟ್ಟಿಲು ನೀರಿನ ಹಾಗೆ ನಯವಾಗಿ ತೂಗಿತು, ತುಟಿಯೂ ಮಾತೂ ಕೂಡಿಕೊಂಡು ಬಂದವು.

ಈರವ್ವನ ಹೆಸರ.

ಶರಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತಲೇ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ರಿಮೋಟ್ ಒತ್ತಿ ವಿಡಿಯೊ ನಿಲ್ಲಿಸಿದೆ.

"ನಾನs ಈರವ್ವ," ಅಂದರು. "ತವರಾಗ ನನ್ನ ಹೆಸರು ಅದs ಇತ್ತು. ಲಗ್ನದಾಗ ತಾಟಿನ್ಯಾಗ ಅಕ್ಕಿ ಹರವಿ, ಅದರ ಮ್ಯಾಲೆ ಶರಣವ್ವ ಅಂತ ಬರದ್ರು. ಅವತ್ತಿಂದ ಹಳೇ ಹೆಸರು ಯಾರೂ ಕರೀಲಿಲ್ಲ. ಈಗ ಕರಿಯಾಕ ತವರಾಗೂ ಯಾರೂ ಉಳದಿಲ್ಲ. ಇವ್ರು ನೆನಪು ಇಟಗೊಂಡಿದ್ರಲ್ಲವಾ!"

ಆರತಿ ಅವರ ಕಾಲ ಬಳಿ ಕೂತು ಬಿಕ್ಕಿದಳು. "ನಾ ತಪ್ಪು ತಿಳಕೊಂಡ್ನಿ ಅತ್ತಿ. ಬ್ಯಾರೇದಾಕಿ ಅಂತ ತಿಳಕೊಂಡ್ನಿ."

"ಹುಚ್ಚವ್ವ, ನಿನಗ ಹ್ಯಾಂಗ ಗೊತ್ತಿರಬೇಕು? ನನಗs ಮರತಿತ್ತು." ಶರಣವ್ವ ಸೊಸೆಯ ತಲೆ ಸವರಿದರು. ಆಮೇಲೆ ಆ ಕೈ ನಿಂತಿತು. "ನಾಹಿದಾ, ಮುಂದೇನೋ ಹೇಳಾಕತ್ತಿದ್ರಲ್ಲ. ಮುಂದಿಂದು ಹಚ್ಚು."

ಹಚ್ಚಬಾರದು ಅನ್ನಿಸಿತು. ಆದರೆ ಈ ಮನೆಯಲ್ಲಿ ಕತ್ತರಿಸಿದ್ದು ಸಾಕಾಗಿತ್ತು. ಹಚ್ಚಿದೆ.

ಸುಳ್ಳದಾಗ. ಈರವ್ವನ ಮಗಳು, ನನ್ನ ಮಗಳು.

ಶರಣವ್ವ ಎದ್ದು ನಿಂತರು. ಪರದೆಯ ಹತ್ತಿರ ಹೋಗಿ ಗಂಡನ ಮುಖದ ಮೇಲೆ ಅಂಗೈ ಇಟ್ಟರು.

"ಮದಲನೇದ್ದು ಹೆಣ್ಣಾಗಿತ್ತು. ಅಮರೇಶಗಿಂತ ಹನ್ನೆರಡು ವರ್ಷ ಮದಲ. ಹುಟ್ಟಿದ ಕೂಸು ಅಳಲೇ ಇಲ್ಲ ಅಂದ್ರು. ನನಗ ಮಾರಿ ಸುದ್ದಾ ತೋರಸಲಿಲ್ಲ. ಇವ್ರು ಊರಾಗ ಇರಲಿಲ್ಲ. ನಮ್ಮ ಅತ್ತಿ ತನ್ನ ಸೆರಗಿನಾಗ ಸುತಗೊಂಡು ಹೊರಗ ಹೋದ್ಲು." ಅವರು ನಮ್ಮಿಬ್ಬರ ಕಡೆ ತಿರುಗಿದರು. "ಹಂಗಾರ ಅದು ಸತ್ತಿರಲಿಲ್ಲೇನು? ಅತ್ತಿ ಯಾರಿಗರೆ ಕೊಟ್ಟುಬಿಟ್ಲೇನು? ನನ್ನ ಕೂಸು ಜೀವಂತ ಐತೇನವಾ?"

ಆರತಿಯ ಅಳು ನಿಂತುಹೋಗಿತ್ತು. ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅತ್ತಿ, ಆಕಿ ಬಂದಿದ್ಲು."

"ಯಾರು?"

"ಮಾವಾರ ಮಣ್ಣಾದ ಮೂರನೇ ದಿವಸ. ಐವತ್ತರ ಸುಮಾರು ಇರಬೇಕು. ಗೇಟಿನ ಹೊರಗ ನಿಂತು, ಸುಳ್ಳದಿಂದ ಬಂದೇನಿ ಅಂದ್ಲು. ನಾ ಅಷ್ಟೊತ್ತಿಗೆ ಈ ವಿಡಿಯೊ ಕೇಳಿಬಿಟ್ಟಿದ್ನಿ. ಮತ್ತ ಈ ಕಡೆ ಕಾಲ ಇಡಬ್ಯಾಡ ಅಂದು ಗೇಟಿಗೆ ಕೀಲಿ ಹಾಕಿದ್ನಿ."

ಶರಣವ್ವ ಗೋಡೆ ಹಿಡಿದುಕೊಂಡರು. "ಆಕಿ ಏನಂದ್ಲು? ಏನರೆ ಅಂದಿರಬೇಕಲ್ಲ?"

ಆರತಿ ಕೂಸನ್ನು ಎದೆಗೆ ಅವಚಿಕೊಂಡು ತಲೆ ತಗ್ಗಿಸಿದಳು.

"ನಮ್ಮವ್ವ ಒಳಗ ಅದಾಳೇನ್ರಿ ಅಂತ ಕೇಳಿದ್ಲು. ನಿಮ್ಮವ್ವ ಇಲ್ಲಿ ಯಾರೂ ಇಲ್ಲ ಅಂದ್ನಿ."